ಅಡಿಕೆ ಸಸಿಯನ್ನು ಮೂರು ವರ್ಷಕ್ಕೊಮ್ಮೆ ಕೀಳಬಾರದು

ಶಿಕಾಗೊ ವೈಟ್ ಸಾಕ್ಸ್ ಬೇಸ್‌ಬಾಲ್ ತಂಡ 2024ರಲ್ಲಿ 162 ಪಂದ್ಯ ಆಡಿ 121 ಸೋತಿತು. ಒಂದೇ ಸಮನೆ 21 ಪಂದ್ಯ ಸೋತದ್ದೂ ಆ ಲೆಕ್ಕದಲ್ಲೇ ಇದೆ. 1962ರ ನ್ಯೂಯಾರ್ಕ್ ಮೆಟ್ಸ್ ತಂಡದ 120 ಸೋಲಿನ ದಾಖಲೆ ಹಾಗೆ ಅಳಿಸಿಹೋಯಿತು. ಅದೇ ವರ್ಷದ ನವೆಂಬರ್‌ನಲ್ಲಿ ನಮ್ಮ ಆರ್‌ಸಿಬಿ ಜೆಡ್ಡಾದ ಮೆಗಾ ಹರಾಜಿಗೆ ಹೋಯಿತು. ಉಳಿಸಿಕೊಂಡಿದ್ದದ್ದು ಮೂವರನ್ನು, ಕೈಯಲ್ಲಿದ್ದದ್ದು 83 ಕೋಟಿ ರೂಪಾಯಿ. ಎರಡು ದಿನದಲ್ಲಿ ಹೊಸ ತಂಡ ಕಟ್ಟಿತು, 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬ್ ಕಿಂಗ್ಸ್ ವಿರುದ್ಧ 6 ರನ್‌ಗಳಿಂದ ಗೆದ್ದು ಕಪ್ ಎತ್ತಿತು. ವೈಟ್ ಸಾಕ್ಸ್ ಆ ವರ್ಷ 60 ಗೆದ್ದು 102 ಸೋತಿತು.

ಇವೆರಡನ್ನೂ ಪಕ್ಕಪಕ್ಕ ಇಟ್ಟರೆ ಹರಾಜಿನ ದಾರಿಯೇ ಚೆನ್ನ ಅಂತ ಯಾರಿಗಾದರೂ ಅನ್ನಿಸುತ್ತದೆ. ನನಗೆ ಹಾಗೆ ಅನ್ನಿಸುವುದಿಲ್ಲ. ಸೋತ ತಂಡದ ಕಚೇರಿ ಅಮೆರಿಕದ ಬೇಸ್‌ಬಾಲ್‌ನಲ್ಲಿ ನವೆಂಬರ್‌ನಿಂದ ಫೆಬ್ರವರಿವರೆಗೆ ಮಾಡುವ ಕೆಲಸವನ್ನು ಬಿಡಿಬಿಡಿಯಾಗಿ ನೋಡಿದರೆ, ಐಪಿಎಲ್ ಅದರಿಂದ ಎರಡು ನಿಯಮಗಳನ್ನಾದರೂ ತೆಗೆದುಕೊಳ್ಳಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಬೇಸ್‌ಬಾಲ್‌ನ ಲೆಕ್ಕ ಶುರುವಾಗುವುದು ದಿನಗಳಿಂದ. ಸೀಸನ್ ಹೆಚ್ಚುಕಡಿಮೆ 187 ದಿನ. ಅದರಲ್ಲಿ 172 ದಿನ ಮೇಜರ್ ಲೀಗ್, ಎಂದರೆ ಅತಿ ಮೇಲಿನ ಹಂತದ ತಂಡದಲ್ಲಿದ್ದರೆ ಆಟಗಾರನಿಗೆ ಒಂದು ವರ್ಷದ ಸೇವೆ ಸಂದಂತೆ. ಅಂಥ ಆರು ವರ್ಷ ತುಂಬುವ ತನಕ ಅವನ ಮೇಲಿನ ಹಕ್ಕು ತಂಡದ್ದು. ಮೊದಲ ಮೂರು ವರ್ಷ ಕನಿಷ್ಠ ಸಂಬಳದ ಆಸುಪಾಸು. 2025ರಲ್ಲಿ ಅದು 7,60,000 ಡಾಲರ್. ಆಮೇಲಿನ ಮೂರು ವರ್ಷ ಪಂಚಾಯ್ತಿ. ತಂಡ ಒಂದು ಮೊತ್ತ ಬರೆದು ಕೊಡುತ್ತದೆ, ಆಟಗಾರ ಇನ್ನೊಂದು. ಮಾತುಕತೆ ಮುರಿದರೆ ಪಂಚರು ಎರಡರಲ್ಲಿ ಒಂದನ್ನೇ ಎತ್ತಿಹಿಡಿಯಬೇಕು, ನಡುವಿನ ಮೊತ್ತ ಹೇಳುವಂತಿಲ್ಲ. ಹಾಗಾಗಿ ಇಬ್ಬರೂ ಬಾಯಿಗೆ ಬಂದಷ್ಟು ಕೇಳುವುದಿಲ್ಲ, ಬಹುಪಾಲು ಪ್ರಕರಣಗಳು ಪಂಚರ ತನಕ ಹೋಗುವುದೂ ಇಲ್ಲ.

ತಂಡವನ್ನು ಬುಡದಿಂದ ಕಟ್ಟುವವರು ಮಾರುವುದೂ ಕೊಳ್ಳುವುದೂ ಈ ವರ್ಷಗಳನ್ನೇ. ಗ್ಯಾರೆಟ್ ಕ್ರೋಶೆ ಎಂಬ ಎಡಗೈ ಪಿಚರ್ (ಚೆಂಡು ಎಸೆಯುವವ) 2024ರಲ್ಲಿ ವೈಟ್ ಸಾಕ್ಸ್ ಪರ 146 ಇನಿಂಗ್ಸ್ ಎಸೆದು 209 ಸ್ಟ್ರೈಕ್‌ಔಟ್ ಮಾಡಿದ, ಎಂದರೆ ಅಷ್ಟು ಸಲ ಚೆಂಡು ಹೊಡೆಯಲು ಬಿಡದೆ ಔಟ್ ಮಾಡಿದ. ತಂಡಕ್ಕೆ ಅವನ ಮೇಲೆ ಉಳಿದಿದ್ದದ್ದು ಎರಡು ವರ್ಷ. ಆ ಎರಡು ವರ್ಷದಲ್ಲಿ ಈ ತಂಡ ಗೆಲ್ಲುವುದಿಲ್ಲ ಎಂಬುದು ಜನರಲ್ ಮ್ಯಾನೇಜರ್ ಕ್ರಿಸ್ ಗೆಟ್ಜ್ ಅವರ ಕಚೇರಿಗೆ ಗೊತ್ತಿತ್ತು. ಗಾಳಿ ಬಂದಾಗ ತೂರಿಕೋ ಅಂತಾರಲ್ಲ, ಹಾಗೆ ಡಿಸೆಂಬರ್‌ನಲ್ಲಿ ಅವನನ್ನು ಬಾಸ್ಟನ್‌ಗೆ ಕೊಟ್ಟು ನಾಲ್ವರನ್ನು ತಂದರು: ಕ್ಯಾಚರ್ (ನಮ್ಮ ವಿಕೆಟ್ ಕೀಪರ್ ಇದ್ದಂತೆ) ಕೈಲ್ ಟೀಲ್, ಹೊರ ಮೈದಾನದ ಬ್ರೇಡನ್ ಮಾಂಟ್ಗಮರಿ, ಒಳ ಮೈದಾನದ ಚೇಸ್ ಮೈಡ್ರಾತ್, ಪಿಚರ್ ವಿಕಲ್ಮನ್ ಗೊನ್ಸಾಲೆಸ್. ನಾಲ್ವರಲ್ಲಿ ಯಾರೂ ಆಗ ಮೇಜರ್ ಲೀಗ್‌ನಲ್ಲಿ ಒಂದು ದಿನವೂ ಆಡಿರಲಿಲ್ಲ. ಎರಡು ವರ್ಷ ಕೊಟ್ಟು ತಲಾ ಆರರಂತೆ 24 ವರ್ಷ ಕೊಂಡ ವ್ಯಾಪಾರ ಅದು. ಬಾಸ್ಟನ್ ಮೋಸ ಹೋಗಲಿಲ್ಲ. ಕ್ರೋಶೆಗೆ ಆರು ವರ್ಷಕ್ಕೆ 17 ಕೋಟಿ ಡಾಲರ್ ಒಪ್ಪಂದ ಕೊಟ್ಟಿತು, ಅವನು 2025ರಲ್ಲಿ 255 ಸ್ಟ್ರೈಕ್‌ಔಟ್ ಮಾಡಿದ. ಗೆಲ್ಲುವ ತಂಡಕ್ಕೆ ಇವತ್ತು ಬೇಕು, ಕಟ್ಟುವ ತಂಡಕ್ಕೆ ನಾಳೆ ಬೇಕು. ಇಬ್ಬರ ಅಗತ್ಯವೂ ಬೇರೆ ಆದ್ದರಿಂದಲೇ ಅದಲುಬದಲು ಕುದುರಿತು.

ದೊಡ್ಡ ಹೆಸರಿನ ಈ ವ್ಯವಹಾರಕ್ಕಿಂತ ಕಷ್ಟದ್ದು ನವೆಂಬರ್ ಮೂರನೇ ವಾರದ ಒಂದು ಪಟ್ಟಿ. ಪ್ರತಿ ತಂಡಕ್ಕೂ 40 ಜನರ ರೋಸ್ಟರ್ ಇರುತ್ತದೆ, ದಿನದ ಆಟಕ್ಕೆ ಸಿಗುವವರು ಅದರಲ್ಲಿ 26. ಉಳಿದ ಹುಡುಗರೆಲ್ಲ ಕೆಳಗಿನ ಹಂತಗಳಲ್ಲಿ ಆಡುತ್ತಾರೆ. ವೈಟ್ ಸಾಕ್ಸ್‌ಗೆ ಶಾರ್ಲಟ್, ಬರ್ಮಿಂಗ್‌ಹ್ಯಾಮ್, ವಿನ್‌ಸ್ಟನ್-ಸೇಲಂ, ಕನ್ನಾಪೊಲಿಸ್‌ಗಳಲ್ಲಿ ಮೇಲಿಂದ ಕೆಳಗೆ ನಾಲ್ಕು ತಂಡಗಳಿವೆ. ಹದಿನೆಂಟು ಅಥವಾ ಅದಕ್ಕಿಂತ ಚಿಕ್ಕ ವಯಸ್ಸಿನಲ್ಲಿ ಸಹಿ ಮಾಡಿದ ಹುಡುಗನನ್ನು ಐದು ಸೀಸನ್‌ನೊಳಗೆ, ಹತ್ತೊಂಬತ್ತು ದಾಟಿ ಬಂದವನನ್ನು ನಾಲ್ಕರೊಳಗೆ ಆ 40ರಲ್ಲಿ ಸೇರಿಸಬೇಕು. ಸೇರಿಸದಿದ್ದರೆ ಡಿಸೆಂಬರ್‌ನ ‘ರೂಲ್ 5’ ಆಯ್ಕೆಯಲ್ಲಿ ಬೇರೆ ತಂಡ ಅವನನ್ನು ಎತ್ತಿಕೊಂಡು ಹೋಗಬಹುದು.

ಇಲ್ಲಿ ತಪ್ಪು ಎರಡು ಕಡೆಯಿಂದಲೂ ಆಗುತ್ತದೆ. ಸೇರಿಸದೆ ಬಿಟ್ಟರೆ ಹುಡುಗ ಕೈಬಿಟ್ಟು ಹೋಗುತ್ತಾನೆ ಎನ್ನುವುದು ಎಲ್ಲರಿಗೂ ಕಾಣುವ ತಪ್ಪು. ಭಯಬಿದ್ದು ಬೇಗ ಸೇರಿಸುವ ತಪ್ಪು ಮೂರು ವರ್ಷ ಬಿಟ್ಟು ಕಾಣುತ್ತದೆ. 40ರಲ್ಲಿರುವವನನ್ನು ಒಂದು ಸೀಸನ್‌ನಲ್ಲಿ 20 ದಿನಕ್ಕಿಂತ ಕಡಿಮೆಯಿಲ್ಲದಂತೆ ಕೆಳಗೆ ಕಳಿಸಿದರೆ ಒಂದು ‘ಆಪ್ಷನ್’ ಖರ್ಚಾಯಿತು ಅಂತ ಲೆಕ್ಕ. ಸಾಮಾನ್ಯವಾಗಿ ಒಬ್ಬನಿಗೆ ಇರುವುದು ಮೂರು. ಇಪ್ಪತ್ತರ ಹುಡುಗ ಇನ್ನೂ ಕನ್ನಾಪೊಲಿಸ್‌ನಲ್ಲಿ ಚೆಂಡು ಗುರುತಿಸಲು ಕಲಿಯುತ್ತಿರುವಾಗಲೇ ಸೇರಿಸಿದರೆ, ಅವನು 23ಕ್ಕೆ ಮಾಗುವ ಹೊತ್ತಿಗೆ ಮೂರೂ ಮುಗಿದಿರುತ್ತವೆ. ಆಮೇಲೆ ಒಂದು ಕೆಟ್ಟ ತಿಂಗಳು ಬಂದರೂ ಅವನನ್ನು ಕೆಳಗೆ ಕಳಿಸಿ ಸರಿಮಾಡುವ ದಾರಿಯಿಲ್ಲ. ಬೇರೆ ತಂಡಗಳ ಕಣ್ಣ ಮುಂದೆ ಇಟ್ಟೇ ಇಳಿಸಬೇಕು, ಬೇಕಾದವರು ಕೊಂಡೊಯ್ಯುತ್ತಾರೆ.

ಸೋತ ತಂಡಕ್ಕೆ ಈ ಪಟ್ಟಿಯೇ ಸುಗ್ಗಿ. ಕೆಟ್ಟ ತಂಡಕ್ಕೆ ರೂಲ್ 5ರಲ್ಲಿ ಮೊದಲ ಸರದಿ, ಆಯ್ಕೆಯ ಶುಲ್ಕ 1 ಲಕ್ಷ ಡಾಲರ್. ಷರತ್ತು ಒಂದೇ: ಎತ್ತಿಕೊಂಡವನನ್ನು ಇಡೀ ಸೀಸನ್ ಮೇಲಿನ ತಂಡದಲ್ಲೇ ಇಟ್ಟುಕೊಳ್ಳಬೇಕು. ಆಗದಿದ್ದರೆ, ನಡುವೆ ಬೇರೆ ಯಾರೂ ಅವನನ್ನು ಕೇಳದಿದ್ದರೆ, ಅರ್ಧ ಹಣಕ್ಕೆ ಹಳೆಯ ತಂಡಕ್ಕೆ ವಾಪಸ್ ಕೊಡಲು ಮುಂದಾಗಬೇಕು. ಕಪ್‌ಗಾಗಿ ಹೋರಾಡುವ ತಂಡ 26ರಲ್ಲಿ ಒಂದು ಜಾಗವನ್ನು ಹೀಗೆ ಕಟ್ಟಿಹಾಕಿಕೊಳ್ಳಲಾರದು, ನೂರು ಸೋಲುವ ತಂಡಕ್ಕೆ ಅದು ಸಾಧ್ಯ. 2024ರ ಡಿಸೆಂಬರ್‌ನಲ್ಲಿ ಡ್ಯಾಲಸ್‌ನಲ್ಲಿ ವೈಟ್ ಸಾಕ್ಸ್ ಮೊದಲ ಸರದಿಯಲ್ಲೇ ಮಿಲ್ವಾಕಿ ತಂಡದ ಶೇನ್ ಸ್ಮಿತ್‌ನನ್ನು ಎತ್ತಿತು. ಕಾಲೇಜಿನಿಂದ ಹೊರಬಂದಾಗ, ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಯಾರೂ ಆರಿಸದಿದ್ದ ಪಿಚರ್ ಅವನು. ಮುಂದಿನ ಜುಲೈನಲ್ಲಿ ಅವನೇ ಆ ತಂಡದಿಂದ ಲೀಗ್‌ನ ಆಯ್ದ ತಾರೆಯರು ಆಡುವ ಆಲ್-ಸ್ಟಾರ್ ಪಂದ್ಯಕ್ಕೆ ಆಯ್ಕೆಯಾದ.

ಇನ್ನು ಕೈಕಾಸಿನ ವ್ಯವಹಾರ. ನಮ್ಮ ಮಲೆನಾಡಿನಲ್ಲಿ ಅಡಿಕೆ ಸಸಿ ನೆಟ್ಟವರು ಮೊದಲ ಗೊನೆಗೆ ಐದಾರು ವರ್ಷ ಕಾಯುತ್ತಾರೆ. ಅಲ್ಲಿಯವರೆಗಿನ ಖರ್ಚಿಗೆ ಸಾಲಿನ ನಡುವೆ ಬಾಳೆ ಹಾಕುತ್ತಾರೆ; ಎಳೆ ಸಸಿಗೆ ಬಾಳೆಯ ನೆರಳೂ ಬೇಕು. ಬೇಸ್‌ಬಾಲ್‌ನಲ್ಲಿ ಒಂದು ವರ್ಷದ ಒಪ್ಪಂದಕ್ಕೆ ಬರುವ ಹಿರಿಯ ಆಟಗಾರರು ಆ ಬಾಳೆ. ಹುಡುಗರ ಭುಜ ಹಾಳಾಗದಂತೆ ಇನಿಂಗ್ಸ್‌ಗಳ ಹೊರೆ ಹೊರುತ್ತಾರೆ, ಚೆನ್ನಾಗಿ ಆಡಿದರೆ ಅದಲುಬದಲಿಗೆ ಇರುವ ಜುಲೈ ಕೊನೆಯ ಗಡುವಿಗೆ ಮುಂಚೆ ಮಾರಬಹುದು. 2025ರ ಮೇ ತಿಂಗಳಲ್ಲಿ ವೈಟ್ ಸಾಕ್ಸ್ ಏಡ್ರಿಯನ್ ಹೌಸರ್ ಎಂಬ ಪಿಚರ್‌ನನ್ನು ಅಗ್ಗದಲ್ಲಿ ತಂದಿತು. ಅವನು 11 ಪಂದ್ಯಗಳಲ್ಲಿ ಮೊದಲ ಪಿಚರ್ ಆಗಿ ಇಳಿದು ಒಂಬತ್ತು ಇನಿಂಗ್ಸ್‌ಗೆ ಸರಾಸರಿ 2.10 ರನ್ ಮಾತ್ರ ಬಿಟ್ಟುಕೊಟ್ಟ. ಜುಲೈ 31ರಂದು ಟ್ಯಾಂಪಾ ಬೇ ತಂಡ ಅವನಿಗಾಗಿ ಮೂವರನ್ನು ಕೊಟ್ಟಿತು. ಎಲ್ಲ ಬಾಳೆಯೂ ಗೊನೆ ಬಿಡುವುದಿಲ್ಲ. ಅದೇ ಉದ್ದೇಶಕ್ಕೆ 50 ಲಕ್ಷ ಡಾಲರ್ ಕೊಟ್ಟು ತಂದಿದ್ದ ಮಾರ್ಟಿನ್ ಪೆರೆಸ್ ಏಪ್ರಿಲ್‌ನಲ್ಲೇ ಮೊಣಕೈ ನೋವಿನಿಂದ ಹೊರಬಿದ್ದ, ಗಡುವಿನ ಹೊತ್ತಿಗೆ ಮಾರಲು ಏನೂ ಇರಲಿಲ್ಲ. ಒಬ್ಬನ ಮೇಲೆ ಹಣ ಸುರಿಯುವ ಬದಲು ಐದಾರು ಜನರನ್ನು ಸಣ್ಣ ಮೊತ್ತಕ್ಕೆ ತರುವುದು ಈ ಕಾರಣಕ್ಕೆ.

ಕಾಯುತ್ತಾ ಕೂತು ಕೆಟ್ಟದ್ದೂ ಇದೆ. ವೈಟ್ ಸಾಕ್ಸ್‌ನ ಲೂಯಿಸ್ ರಾಬರ್ಟ್ 2023ರಲ್ಲಿ 38 ಹೋಮ್ ರನ್ (ನಮ್ಮ ಸಿಕ್ಸರ್‌ನಂಥದ್ದು) ಹೊಡೆದಾಗ ಅವನಿಗೆ ದೊಡ್ಡ ಬೆಲೆ ಬರುತ್ತಿತ್ತು. ಆಗ ಮಾರಲಿಲ್ಲ. 2025ರಲ್ಲಿ ಅವನು ಹೊಡೆದದ್ದು 14. ಅಷ್ಟರಲ್ಲಿ ಅವನ ಮುಂದಿನ ವರ್ಷದ ಸಂಬಳ 2 ಕೋಟಿ ಡಾಲರ್‌ಗೆ ಏರಿತ್ತು.

ಈಗ ನಮ್ಮ ಕಡೆಗೆ ಬರೋಣ. ರಜತ್ ಪಾಟೀದಾರ್‌ನನ್ನು ಆರ್‌ಸಿಬಿ 2021ರಲ್ಲಿ ಮೂಲ ಬೆಲೆ 20 ಲಕ್ಷಕ್ಕೆ ಕೊಂಡಿತು. ಮರುವರ್ಷ ಮೆಗಾ ಹರಾಜು. ನಾಲ್ವರಿಗಿಂತ ಹೆಚ್ಚು ಜನರನ್ನು ಉಳಿಸಿಕೊಳ್ಳುವಂತಿರಲಿಲ್ಲ, ಪಾಟೀದಾರ್ ಹೊರಬಿದ್ದ, ಹರಾಜಿನಲ್ಲಿ ಯಾರೂ ಕೊಳ್ಳಲಿಲ್ಲ. ನಮ್ಮ ಕರ್ನಾಟಕದ ಹುಡುಗ ಲವ್ನೀತ್ ಸಿಸೋಡಿಯಾ ಗಾಯಗೊಂಡಿದ್ದರಿಂದ ಬದಲಿಯಾಗಿ ಮತ್ತೆ ಆರ್‌ಸಿಬಿಗೆ ಬಂದ. ಈಡನ್ ಗಾರ್ಡನ್ಸ್‌ನ ಎಲಿಮಿನೇಟರ್‌ನಲ್ಲಿ ಲಖನೌ ವಿರುದ್ಧ 54 ಎಸೆತಗಳಲ್ಲಿ ಔಟಾಗದೆ 112 ಹೊಡೆದ. ಮೂರು ವರ್ಷದ ಮೇಲೆ ಕಪ್ ಎತ್ತಿದ ಕ್ಯಾಪ್ಟನ್ ಅವನೇ. ಅವನನ್ನು ಗುರುತಿಸಿದ ತಂಡಕ್ಕೆ ಅವನು ದಕ್ಕಿದ್ದು ಇನ್ನೊಬ್ಬನ ಗಾಯದಿಂದ. ಹದಿನೆಂಟು ಸೀಸನ್ ಕಾದ ಕಪ್ ಅಂಥ ಒಂದು ಎಳೆಯ ಮೇಲೆ ತೂಗಾಡಿತ್ತು ಎನ್ನುವುದು ನನಗೆ ಈಗಲೂ ನೆಮ್ಮದಿ ಕೊಡುವ ವಿಷಯವಲ್ಲ.

ದೇವದತ್ತ ಪಡಿಕ್ಕಲ್ ವಿಷಯವೂ ಹಾಗೇ. 2020ರಲ್ಲಿ ಆರ್‌ಸಿಬಿ ಪರ 473 ರನ್ ಮಾಡಿ ಉದಯೋನ್ಮುಖ ಆಟಗಾರ ಅನ್ನಿಸಿಕೊಂಡ. 2022ರ ಹರಾಜಿನಲ್ಲಿ 7.75 ಕೋಟಿಗೆ ರಾಜಸ್ಥಾನಕ್ಕೆ ಹೋದ, ಅಲ್ಲಿಂದ ಅದಲುಬದಲಾಗಿ ಲಖನೌಗೆ. 2024ರ ಹರಾಜಿನ ಮೊದಲ ಸುತ್ತಿನಲ್ಲಿ ಅವನನ್ನು ಕೇಳುವವರಿರಲಿಲ್ಲ. ಕೊನೆಗೆ ಆರ್‌ಸಿಬಿಯೇ 2 ಕೋಟಿಗೆ ವಾಪಸ್ ಕರೆತಂದಿತು. ನಡುವಿನ ವರ್ಷಗಳಲ್ಲಿ ಆ ಹುಡುಗನ ಬ್ಯಾಟಿಂಗ್ ಯಾರ ಜವಾಬ್ದಾರಿಯಾಗಿತ್ತು? ವೈಟ್ ಸಾಕ್ಸ್ ತಂಡದ ಕೋಲ್ಸನ್ ಮಾಂಟ್ಗಮರಿ 2025ರ ಏಪ್ರಿಲ್‌ನಲ್ಲಿ ಶಾರ್ಲಟ್‌ನಲ್ಲಿ ಚೆಂಡು ಮುಟ್ಟಲೂ ಒದ್ದಾಡುತ್ತಿದ್ದ. ಕಚೇರಿಯವರು ಅವನನ್ನು ಪಂದ್ಯಗಳಿಂದ ಬಿಡಿಸಿ ಅರಿಝೋನಾದ ತರಬೇತಿ ಕೇಂದ್ರಕ್ಕೆ ಕಳಿಸಿ, ಬ್ಯಾಟ್ ಬೀಸುವ ರೀತಿಯನ್ನೇ ತಿದ್ದಿಸಿದರು. ಜುಲೈನಲ್ಲಿ ಮೇಲೆ ಬಂದವನು 71 ಪಂದ್ಯದಲ್ಲಿ 21 ಹೋಮ್ ರನ್ ಹೊಡೆದ. ಮುಂದಿನ ಆರು ವರ್ಷ ಅವನು ತಮ್ಮವನೇ ಎಂದು ಗೊತ್ತಿದ್ದವರಿಗೆ ಮಾತ್ರ ಒಬ್ಬನ ಮೇಲೆ ಅಷ್ಟು ದಿನ ಸುರಿಯುವ ಮನಸ್ಸು ಬರುತ್ತದೆ. ಮೂರನೇ ವರ್ಷ ಸಸಿ ಕಿತ್ತು ಸಂತೆಗೆ ಇಡಬೇಕೆಂದು ಗೊತ್ತಿರುವ ತೋಟದಲ್ಲಿ ಯಾರು ಗೊಬ್ಬರ ಹಾಕುತ್ತಾರೆ?

ಎಲ್ಲವನ್ನೂ ತರಬೇಕಿಲ್ಲ, ಕೆಲವನ್ನು ತರಲೇಬಾರದು. ವಾರ್ಷಿಕ 187 ದಿನದಲ್ಲಿ ಹುಡುಗನನ್ನು 16 ದಿನ ಕೆಳಗೇ ಇಟ್ಟರೆ 171 ಆಗುತ್ತದೆ, ತಂಡಕ್ಕೆ ಇನ್ನೊಂದು ವರ್ಷ ಸಿಗುತ್ತದೆ. 2015ರಲ್ಲಿ ಶಿಕಾಗೊದ ಇನ್ನೊಂದು ತಂಡ ಕಬ್ಸ್, ಕ್ರಿಸ್ ಬ್ರಯಾಂಟ್‌ನನ್ನು ಸರಿಯಾಗಿ 171ಕ್ಕೆ ತಂದು ನಿಲ್ಲಿಸಿತು. ಇದರ ವಿರುದ್ಧ ಅವನ ದೂರು 2020ರಲ್ಲಿ ಬಿದ್ದುಹೋಯಿತು. ಲೀಗ್ ಮತ್ತು ಆಟಗಾರರ ಸಂಘದ 2022ರ ಒಪ್ಪಂದದಲ್ಲಿ ಇದಕ್ಕೆ ಒಂದಿಷ್ಟು ತಡೆ ಹಾಕಿದ್ದಾರೆ: ವರ್ಷದ ಹೊಸಬರ ಪ್ರಶಸ್ತಿಯಲ್ಲಿ ಮೊದಲೆರಡು ಸ್ಥಾನಕ್ಕೆ ಬಂದವನಿಗೆ ಪೂರ್ತಿ ವರ್ಷ ಸಲ್ಲುತ್ತದೆ. ಕೆಳಹಂತದ ಸಂಬಳವೂ ಅನ್ಯಾಯದ್ದೇ. 2023ರ ಒಪ್ಪಂದದಲ್ಲಿ ಏರಿಸಿದ ಮೇಲೂ ಮೇಜರ್ ಲೀಗ್‌ಗೆ ಒಂದೇ ಮೆಟ್ಟಿಲು ಕೆಳಗಿರುವವನ ಕನಿಷ್ಠ ಸಂಬಳ ಆಗ ವರ್ಷಕ್ಕೆ 35,800 ಡಾಲರ್ ಇತ್ತು. ಅದು ಹೆಚ್ಚುಕಡಿಮೆ 30 ಲಕ್ಷ ರೂಪಾಯಿ, ಎಂದರೆ 2025ರ ಐಪಿಎಲ್‌ನ ಅತಿ ಕಡಿಮೆ ಮೂಲ ಬೆಲೆ. ನಮ್ಮ ಹುಡುಗನಿಗೆ ಅದು ಎರಡು ತಿಂಗಳಿಗೆ. ಬೇಕೆಂದೇ ಸೋಲುವ ಚಾಳಿಯೂ ನಮಗೆ ಬೇಡ. ಡ್ರಾಫ್ಟ್‌ನಲ್ಲಿ ಮೊದಲ ಆರು ಸ್ಥಾನಕ್ಕೆ ಲಾಟರಿ ತಂದದ್ದು ಅದನ್ನು ತಡೆಯಲು. ದೊಡ್ಡ ಮಾರುಕಟ್ಟೆಯ ತಂಡಕ್ಕೆ ಎರಡು ವರ್ಷ ಸತತವಾಗಿ ಆ ಸ್ಥಾನ ಇಲ್ಲ ಎಂಬ ನಿಯಮದಿಂದ 121 ಸೋತ ವೈಟ್ ಸಾಕ್ಸ್‌ಗೆ 2025ರಲ್ಲಿ ಸಿಕ್ಕಿದ್ದು ಹತ್ತನೇ ಆಯ್ಕೆ. ಎಲ್ಲ ತಂಡಕ್ಕೂ ಒಂದೇ ಮೊತ್ತದ ಥೈಲಿ ಕೊಡುವ ಐಪಿಎಲ್ ಈ ವಿಷಯದಲ್ಲಿ ಮೊದಲಿಂದಲೂ ಮೇಲು.

ತರಬೇಕಾದ ಮೊದಲ ನಿಯಮ ವರ್ಷಗಳದ್ದು. ಭಾರತಕ್ಕೆ ಆಡದ ಹುಡುಗನನ್ನು ಮೊದಲ ಬಾರಿ ಕೊಂಡ ತಂಡಕ್ಕೆ ಅವನ ಮೇಲೆ ಆರು ಸೀಸನ್ ಹಕ್ಕು ಇರಲಿ, ಮೆಗಾ ಹರಾಜು ನಡುವೆ ಬಂದರೂ ಸರಿ. ಮೊದಲ ಎರಡು ಸೀಸನ್ ಕೊಂಡ ಬೆಲೆ, ಮೂರನೆಯದಕ್ಕೆ ಎರಡರಷ್ಟು, ಆಮೇಲೆ ಮೂರು ಸೀಸನ್‌ಗೆ ಎರಡು ಮೊತ್ತದ ಪಂಚಾಯ್ತಿ. ಭಾರತ ತಂಡಕ್ಕೆ ಆಯ್ಕೆಯಾದ ಕೂಡಲೇ ನೇರ ಪಂಚಾಯ್ತಿಗೆ ಹೋಗುವ ಹಕ್ಕು ಹುಡುಗನಿಗೆ ಇರಬೇಕು, ಇಲ್ಲದಿದ್ದರೆ ಬ್ರಯಾಂಟ್‌ಗೆ ಆದದ್ದೇ ಇಲ್ಲಿಯೂ ಆಗುತ್ತದೆ.

ಎರಡನೆಯದು ಬೆಂಚಿನದು, ಇದಿಲ್ಲದೆ ಮೊದಲನೆಯದನ್ನು ತರಲೇಕೂಡದು. ಐಪಿಎಲ್ ತಂಡದಲ್ಲಿ ಹೆಚ್ಚೆಂದರೆ 25 ಜನ. ಇಂಪ್ಯಾಕ್ಟ್ ಆಟಗಾರನೂ ಸೇರಿ ಒಂದು ಪಂದ್ಯಕ್ಕೆ ಇಳಿಯುವವರು 12. ಉಳಿದ 13 ಜನರಲ್ಲಿ ನೀರಿನ ಬಾಟಲಿ ಹೊತ್ತೇ ಸೀಸನ್ ಮುಗಿಸುವ ಹುಡುಗರಿದ್ದಾರೆ, ನಮ್ಮ ಮಹಾರಾಜ ಟ್ರೋಫಿಯಲ್ಲಿ ಮಿಂಚಿ ಹೋದವರೂ ಅದರಲ್ಲಿದ್ದಾರೆ. ಎರಡು ಸೀಸನ್ ಸೇರಿ ಮೂರು ಪಂದ್ಯವೂ ಸಿಗದವನನ್ನು ಡಿಸೆಂಬರ್‌ನಲ್ಲಿ ಕೊನೆಯ ಸ್ಥಾನದ ತಂಡದಿಂದ ಶುರುಮಾಡಿ ಯಾರು ಬೇಕಾದರೂ 50 ಲಕ್ಷ ಕಟ್ಟಿ ಎತ್ತಿಕೊಳ್ಳಲಿ. ಎತ್ತಿಕೊಂಡವರು 14 ಲೀಗ್ ಪಂದ್ಯಗಳಲ್ಲಿ ಐದರಲ್ಲಾದರೂ ಅವನನ್ನು ಆಡಿಸಬೇಕು. ಆಡಿಸದಿದ್ದರೆ ಅರ್ಧ ಹಣ ಬಿಟ್ಟುಕೊಟ್ಟು ಹಳೆಯ ತಂಡಕ್ಕೆ ವಾಪಸ್ ಕಳಿಸಬೇಕು, ಆ ಅರ್ಧ ಹಣ ಸಲ್ಲಬೇಕಾದದ್ದು ಹುಡುಗನಿಗೆ.