ರಿಪೋರ್ಟಿನ ಒಂದು ನಂಬರ್ ಹಿಡಿದು ಅವಳನ್ನು ದೂರಬೇಡಿ

"ಹಾರ್ಮೋನ್ ಕಮ್ಮಿ ಇತ್ತಂತೆ, ಅದಕ್ಕೇ ನಿಲ್ಲಲಿಲ್ಲ."

ನನ್ನ ನಾದಿನಿಗೆ ಎರಡನೇ ತಿಂಗಳಲ್ಲಿ ಗರ್ಭ ಹೋದಾಗ ಅವಳ ಗಂಡನ ಮನೆ ಕಡೆಯವರೊಬ್ಬರು ಅವಳ ಎದುರಿಗೇ ಹೀಗೆ ಹೇಳಿದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಮೊದಲಾದರೆ ಪಪ್ಪಾಯಿ ತಿಂದಳು, ಸ್ಕೂಟರ್ ಓಡಿಸಿದಳು ಅನ್ನುತ್ತಿದ್ದರು. ಈಗ ಆ ಜಾಗಕ್ಕೆ ಲ್ಯಾಬ್ ರಿಪೋರ್ಟ್ ಬಂದಿದೆ. ತಪ್ಪು ಮಾತ್ರ ಈಗಲೂ ಅವಳದೇ.

ಇದು ಸುಳ್ಳು ಅಂತ ಜೋರಾಗಿ ಹೇಳಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ಅಂಡ ಹೊರಬಿದ್ದ ಮೇಲೆ ಅಂಡಾಶಯದಲ್ಲಿ ಒಂದು ಸಣ್ಣ ಹಳದಿ ಗಂಟು ಉಳಿಯುತ್ತದೆ. ಡಾಕ್ಟರುಗಳು ಅದನ್ನು ಕಾರ್ಪಸ್ ಲೂಟಿಯಂ ಅನ್ನುತ್ತಾರೆ. ಗರ್ಭಕೋಶದ ಒಳಪದರವನ್ನು ಕಾಯುವ ಪ್ರೊಜೆಸ್ಟರಾನ್ ಅನ್ನೋ ಹಾರ್ಮೋನ್ ಶುರುವಿನಲ್ಲಿ ಬರೋದು ಇಲ್ಲಿಂದಲೇ. ಬಸಿರಾಗದಿದ್ದರೆ ಸುಮಾರು ಎರಡು ವಾರಕ್ಕೆ ಈ ಗಂಟು ಒಣಗಿ ಮುಟ್ಟಾಗುತ್ತದೆ. ಬಸಿರಾದರೆ, ಭ್ರೂಣದ ಹೊರಪದರದ ಜೀವಕೋಶಗಳು ಹೆಚ್‌ಸಿಜಿ ಅನ್ನೋ ಇನ್ನೊಂದು ಹಾರ್ಮೋನ್ ಸುರಿಸಿ ಆ ಗಂಟು ಒಣಗದಂತೆ ನೋಡಿಕೊಳ್ಳುತ್ತವೆ. ಮೆಡಿಕಲ್ ಶಾಪಿನ ಕಿಟ್‌ನಲ್ಲಿ ಎರಡನೇ ಗೆರೆ ಮೂಡಿಸೋದು ಇದೇ ಹೆಚ್‌ಸಿಜಿ. ಏಳರಿಂದ ಒಂಬತ್ತು ವಾರದ ಹೊತ್ತಿಗೆ ಮಾಸು ಈ ಕೆಲಸ ವಹಿಸಿಕೊಳ್ಳುತ್ತದೆ. ಏಳು ವಾರಕ್ಕೆ ಮುಂಚೆ ಆ ಗಂಟನ್ನು ತೆಗೆದರೆ ಗರ್ಭ ಹೋಗುತ್ತದೆ, ಪ್ರೊಜೆಸ್ಟರಾನ್ ಕೊಟ್ಟರೆ ಉಳಿಯುತ್ತದೆ ಅಂತ ಅರ್ಪಾಡ್ ಚಾಪೊ ಎಂಬ ವೈದ್ಯರು 1970ರ ದಶಕದಲ್ಲೇ ತೋರಿಸಿದ್ದರು.

ಹಾಗಾದರೆ ಪ್ರೊಜೆಸ್ಟರಾನ್ ಕಮ್ಮಿಯಾಗಿಯೇ ಹೋಯಿತು ಅಂತಾಯ್ತು ಅಲ್ವಾ? ನಾವೆಲ್ಲ ಎಡವೋದು ಇಲ್ಲೇ. ಮೊದಲ ಮೂರು ತಿಂಗಳಲ್ಲಿ ಹೋಗುವ ಗರ್ಭಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಭ್ರೂಣದ ಕ್ರೋಮೋಸೋಮ್‌ಗಳೇ, ಅಂದರೆ ವಂಶವಾಹಿಗಳನ್ನು ಹೊತ್ತ ಎಳೆಗಳೇ, ಹೆಚ್ಚುಕಮ್ಮಿ ಆಗಿರುತ್ತವೆ. ಅದು ಯಾರ ಕೈಯಲ್ಲೂ ಇಲ್ಲ. ಅಂಥ ಭ್ರೂಣದ ಬೆಳವಣಿಗೆ ನಿಂತಾಗ ಹೆಚ್‌ಸಿಜಿ ಇಳಿಯುತ್ತದೆ, ಹಳದಿ ಗಂಟು ಸೊರಗುತ್ತದೆ, ಆಮೇಲೆ ಪ್ರೊಜೆಸ್ಟರಾನ್ ಇಳಿಯುತ್ತದೆ. ಒಲೆ ಆರಿದ ಮೇಲೆ ಪಾತ್ರೆ ತಣ್ಣಗಾಗುತ್ತದೆ. ಪಾತ್ರೆ ತಣ್ಣಗಿದ್ದದ್ದಕ್ಕೇ ಒಲೆ ಆರಿತು ಅಂತ ಯಾರಾದರೂ ಹೇಳುತ್ತಾರಾ?

ಹಾಗಂತ ಪ್ರೊಜೆಸ್ಟರಾನ್ ಔಷಧಿಯೇ ದಂಡ ಅಂತ ಅಲ್ಲ. ಬ್ರಿಟನ್ನಿನ ಪ್ರಿಸಂ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಶುರುವಿನಲ್ಲೇ ಬ್ಲೀಡಿಂಗ್ ಆದ 4,153 ಗರ್ಭಿಣಿಯರು ಅದರಲ್ಲಿದ್ದರು. ಪ್ರೊಜೆಸ್ಟರಾನ್ ಪಡೆದವರಲ್ಲಿ ಶೇ. 75, ಔಷಧಿಯಿಲ್ಲದ ಹುಸಿ ಗುಳಿಗೆ ಪಡೆದವರಲ್ಲಿ ಶೇ. 72 ಮಂದಿಗೆ ಮಗುವಾಯಿತು. ಒಟ್ಟಾರೆ ನೋಡಿದರೆ ಅಂಥ ವ್ಯತ್ಯಾಸವೇನಿಲ್ಲ. ಆದರೆ ಹಿಂದೆ ಮೂರು ಅಥವಾ ಅದಕ್ಕಿಂತ ಜಾಸ್ತಿ ಸಲ ಗರ್ಭ ಹೋಗಿದ್ದವರಲ್ಲಿ ಇದು ಶೇ. 72 ಮತ್ತು 57. ಇದು ಸಣ್ಣ ಅಂತರವಲ್ಲ! ಹಿಂದೆ ಒಂದು ಸಲವಾದರೂ ಗರ್ಭ ಹೋಗಿದ್ದು, ಈಗ ಮತ್ತೆ ಬಸಿರಾಗಿ ಬ್ಲೀಡಿಂಗ್ ಆಗುತ್ತಿದ್ದರೆ ಪ್ರೊಜೆಸ್ಟರಾನ್ ಕೊಡಿ ಅಂತ ಅಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ನೈಸ್ ಸಂಸ್ಥೆ 2021ರಲ್ಲಿ ಹೇಳಿತು. ನಿಮ್ಮ ಕಥೆ ಹೀಗಿದ್ದರೆ ಸಂಕೋಚ ಬಿಟ್ಟು ಡಾಕ್ಟರ ಹತ್ತಿರ ಕೇಳಿ. ಥೈರಾಯ್ಡ್ ಟೆಸ್ಟ್ ಆಗಿದೆಯಾ ಅಂತಲೂ ಕೇಳಿ, ಥೈರಾಯ್ಡ್ ತೊಂದರೆಗೆ ಮಾತ್ರೆ ಇದೆ.

ಇನ್ನು ಯಾರೂ ಮಾತಾಡದ ವಿಷಯ. ಗರ್ಭ ಹೋದ ದಿನವೇ ಹಾರ್ಮೋನ್ ಹೋಗಿಬಿಡೋದಿಲ್ಲ. ಹೆಚ್‌ಸಿಜಿ ಪೂರ್ತಿ ಇಳಿಯಲು ಕೆಲವು ವಾರ ಬೇಕಾಗಬಹುದು. ಅಷ್ಟು ದಿನ ಕಿಟ್‌ನಲ್ಲಿ ಎರಡು ಗೆರೆ ಬಂದರೂ ಬರಬಹುದು. ನಾದಿನಿ ತವರಿಗೆ ಬಂದಿದ್ದಾಗ ಒಂದು ಬೆಳಿಗ್ಗೆ ಒಗ್ಗರಣೆ ಘಾಟಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಚ್ಚಲಿಗೆ ಓಡಿದಳು. ನಮ್ಮತ್ತೆ ಸೌಟು ಹಿಡಿದುಕೊಂಡೇ ನನ್ನ ಕಡೆ ತಿರುಗಿ, "ಸ್ಕ್ಯಾನಿಂಗ್‌ನಲ್ಲಿ ಸರಿಯಾಗಿ ನೋಡಿದಾರೇನೇ?" ಅಂದರು. ಆಸೆ ಅವರ ಮುಖದಲ್ಲೇ ಕಾಣುತ್ತಿತ್ತು. ಹಾರ್ಮೋನ್ ಇಳಿಯೋದಕ್ಕೆ ಟೈಮ್ ಬೇಕು ಅತ್ತೆ ಅಂತ ನಾನೇ ಹೇಳಬೇಕಾಯಿತು. ಇಂಥದ್ದು ಆಗಬಹುದು ಅಂತ ಆಸ್ಪತ್ರೆಯಲ್ಲಿ ಯಾರೂ ಒಂದು ಮಾತು ಹೇಳಿ ಕಳಿಸಿರಲಿಲ್ಲ. ಹೇಳಬೇಕಿತ್ತು.

ಇಷ್ಟೆಲ್ಲ ಏರಿಳಿತ ಮೈಯಲ್ಲಿ ನಡೀತಿರುವಾಗ ಎಷ್ಟೋ ಹುಡುಗಿಯರು ಜ್ವರ ಅಂತ ಎರಡು ದಿನ ರಜೆ ಹಾಕಿ ಮೂರನೇ ದಿನ ಆಫೀಸಿಗೆ ಹೋಗುತ್ತಾರೆ. ನಿಜ ಹೇಳಲು ನಾಚಿಕೆ, ಭಯ. ಆದರೆ ಗರ್ಭಪಾತವಾದವರಿಗೆ ಸಂಬಳ ಸಮೇತ ಆರು ವಾರ ರಜೆ ಅಂತ 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲೇ ಬರೆದಿತ್ತು. ಅದರ ಜಾಗಕ್ಕೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದನ್ನು ಉಳಿಸಿಕೊಂಡಿದ್ದಾರೆ. ಆಫೀಸಿಗೆ ಕೊಡಲು ಪುರಾವೆ ಬೇಕಾಗುತ್ತದೆ. ಆಸ್ಪತ್ರೆಯಿಂದ ಹೊರಡುವ ಮುಂಚೆಯೇ ಡಾಕ್ಟರ ಹತ್ತಿರ ಸರ್ಟಿಫಿಕೇಟ್ ಬರೆಸಿಕೊಳ್ಳಿ. ಅವಳಿಗೆ ಆಗ ಕೇಳುವಷ್ಟು ತ್ರಾಣ ಇರೋದಿಲ್ಲ, ಜೊತೆಗೆ ಹೋದವರೇ ಕೇಳಿ.