ಸತ್ಯಾಂಶ: ಗುರಿ ಬರೆದಿಟ್ಟ ಆ 3% ಜನರ ಕಥೆ

"1953ರಲ್ಲಿ ಯೇಲ್ ಯೂನಿವರ್ಸಿಟಿಲಿ ಓದು ಮುಗಿಸ್ದೋರಲ್ಲಿ 3% ಜನ ಮಾತ್ರ ಗುರಿ ಬರೆದಿಟ್ಟಿದ್ರು, 20 ವರ್ಷ ಆದ್ಮೇಲೆ ಉಳಿದ 97% ಜನರ ಆಸ್ತಿ ಒಟ್ಟು ಸೇರಿಸಿದ್ರೂ ಅವರಷ್ಟಾಗ್ಲಿಲ್ಲ" ಅನ್ನೋ ಫಾರ್ವರ್ಡ್ ಆಫೀಸ್ ಗ್ರೂಪಲ್ಲಿ ಸುತ್ತಾ ಇರತ್ತೆ, ಒಮ್ಮೊಮ್ಮೆ ಯೇಲ್ ಹೋಗಿ ಹಾರ್ವರ್ಡ್ ಆಗಿರತ್ತೆ ಅಷ್ಟೇ. ಅಂಥ ಸ್ಟಡಿ ನಡೆದೇ ಇಲ್ಲ, ಯೇಲ್‌ನೋರೇ ಹೇಳಿದಾರೆ.

ಹಾಗಂತ ಗುರಿ ಇಟ್ಕೊಳ್ಳೋದೇ ದಂಡ ಅಂತಲ್ಲ. ಎಡ್ವಿನ್ ಲಾಕ್, ಗ್ಯಾರಿ ಲ್ಯಾಥಮ್ ಅನ್ನೋ ಇಬ್ರು ಮನಶ್ಶಾಸ್ತ್ರಜ್ಞರು ಇದರ ಮೇಲೆ ದಶಕಗಟ್ಟಲೆ ಕೆಲ್ಸ ಮಾಡಿದಾರೆ. 1975ರಲ್ಲಿ ಪ್ರಕಟವಾದ ಒಂದು ಸ್ಟಡಿಲಿ, ಮರದ ದಿಮ್ಮಿ ಸಾಗಿಸೋ ಅಮೆರಿಕದ ಟ್ರಕ್ ಡ್ರೈವರ್‌ಗಳು ಕಾನೂನು ಮಿತಿಯ ಸುಮಾರು 60% ಲೋಡ್ ಅಷ್ಟೇ ತುಂಬ್ತಿದ್ರು, "ಕೈಲಾದಷ್ಟು ಮಾಡಿ" ಅಂದ್ರೆ ಕೇಳ್ಲಿಲ್ಲ, 94% ಅಂತ ನಿಖರ ಗುರಿ ಕೊಟ್ಮೇಲೆ ಕೆಲವೇ ತಿಂಗಳಲ್ಲಿ 90% ಹತ್ರ ಹೋದ್ರು, ಅದೂ ಬೋನಸ್ ಇಲ್ದೆ!

ಅಂದ್ರೆ ಡೈರಿಲಿ ಬರ್ಕೊಂಡ್ರೆ ಸಾಲ್ದು, ಗುರಿ ಸ್ಪಷ್ಟವಾಗಿರ್ಬೇಕು, ಸ್ವಲ್ಪ ಕಷ್ಟದ್ದಾಗಿರ್ಬೇಕು, ಎಲ್ಲಿವರೆಗೂ ಬಂದ್ವಿ ಅಂತ ಮ್ಯಾನೇಜರ್ ಆಗಾಗ ತಿಳಿಸ್ತಿರ್ಬೇಕು (ವರ್ಷಕ್ಕೊಂದ್ಸಲ ಅಪ್ರೈಸಲಲ್ಲಿ ಅಲ್ಲ ಸ್ವಾಮಿ). ಕೆಲ್ಸನೇ ಹೊಸದು, ಇನ್ನೂ ಕಲೀತಿದಾರೆ ಅಂದ್ರೆ ಮಾತ್ರ ಟಾರ್ಗೆಟ್ ನಂಬರ್ ಬದ್ಲು ಏನು ಕಲೀಬೇಕು ಅನ್ನೋದನ್ನೇ ಗುರಿ ಮಾಡೋದು ವಾಸಿ.