ಕತ್ತರಿಸಿ ಹಾಕ್ತಾರೆ ಅಂತ ಹೆದರಿ ಮನೇಲಿ ಕೂರಬೇಡಿ

ಗಂಡಸರ ಶಿಶ್ನಕ್ಕೂ ಕ್ಯಾನ್ಸರ್ ಬರುತ್ತದೆ. ಯುರೋಪಿಗೆ ಹೋಲಿಸಿದರೆ ನಮ್ಮ ದೇಶದಲ್ಲಿ ಜಾಸ್ತಿಯೇ. ಕವಳ, ಗುಟ್ಕಾದಿಂದ ಬರುವ ಬಾಯಿ ಕ್ಯಾನ್ಸರ್ ಬಗ್ಗೆ ನಮ್ಮ ಕಡೆ ಮೈಕ್ ಹಿಡಿದು ಮಾತಾಡುವವರಿದ್ದಾರೆ, ಇದರ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಹಾಗಾಗಿ ನಾನೇ ಬರೆಯುತ್ತಿದ್ದೇನೆ.

ನಮ್ಮ ನೆಂಟರಲ್ಲೇ ಒಬ್ಬರು, ನನಗೆ ವರಸೆಯಲ್ಲಿ ಭಾವ ಆಗಬೇಕು, ತುದಿಯಲ್ಲಿ ಎದ್ದ ಹುಣ್ಣನ್ನು ಇಡೀ ಮಳೆಗಾಲ ಮುಚ್ಚಿಟ್ಟರು. ಅಕ್ಕನಿಗೂ ಹೇಳಲಿಲ್ಲ. ಮೆಡಿಕಲ್ ಶಾಪಿನಿಂದ ಮುಲಾಮು ತಂದು ಹಚ್ಚಿದರು, ಆಮೇಲೆ ಯಾರೋ ಹೇಳಿದರು ಅಂತ ಗುಪ್ತರೋಗದ ಬೋರ್ಡ್ ಹಾಕಿಕೊಂಡ ಒಬ್ಬನ ಹತ್ತಿರ ಹೋಗಿ ದುಡ್ಡು ಕೊಟ್ಟು ಬಂದರು. ಯಾಕೆ ಭಾವ ಹೀಗೆ ಮಾಡಿದಿರಿ ಅಂತ ಕೇಳಿದ್ದಕ್ಕೆ ಒಂದೇ ಮಾತು, "ಡಾಕ್ಟ್ರ ಹತ್ರ ಹೋದ್ರೆ ಕತ್ತರಿಸಿ ಹಾಕ್ತಾರೆ ಮಾರಾಯ."

ಎಲ್ಲರಿಗೂ ಹಾಗೆ ಮಾಡುವುದಿಲ್ಲ. ಇದನ್ನೇ ನಾನು ಜೋರಾಗಿ ಹೇಳಬೇಕಾಗಿರುವುದು. ರೋಗ ಇನ್ನೂ ಮೇಲ್ಚರ್ಮದಲ್ಲೇ ಇದ್ದರೆ ಕೆಲವರಿಗೆ ಕೆಲವು ವಾರ ಹಚ್ಚುವ ಔಷಧಿಯ ಕ್ರೀಮ್ ಸಾಕಾಗುತ್ತದೆ, ಫ್ಲೋರೋಯುರಾಸಿಲ್ ಅಥವಾ ಇಮಿಕ್ವಿಮಾಡ್ ಅಂತ. ಅಂಗಡಿಯಿಂದ ತಂದು ತಾವೇ ಹಚ್ಚಿಕೊಳ್ಳುವುದಲ್ಲ, ಚೂರು ಮಾಂಸ ತೆಗೆದು ಬಯಾಪ್ಸಿ ಮಾಡಿದ ಮೇಲೆ ಡಾಕ್ಟರ್ ಬರೆದುಕೊಡುವುದು. ಲೇಸರ್ ಇದೆ. ಗಂಟು ಮುಂದೊಗಲಲ್ಲಿ ಮಾತ್ರ ಇದ್ದರೆ ಮುಂದೊಗಲು ತೆಗೆಯುವ ಆಪರೇಷನ್ನಿನಲ್ಲೇ ಮುಗಿಯಬಹುದು. ತುದಿಯ ಭಾಗವನ್ನಷ್ಟೇ ತೆಗೆದು ತೊಡೆಯ ಚರ್ಮ ಹಾಕಿ ಹೊಲಿಯುವುದೂ ಇದೆ. ನಾಲ್ಕು ಸೆಂಟಿಮೀಟರಿಗಿಂತ ಚಿಕ್ಕ ಗಂಟಿಗೆ ಸಣ್ಣ ಸೂಜಿಗಳ ಮೂಲಕ ಒಳಗೇ ರೇಡಿಯೇಷನ್ ಕೊಡುತ್ತಾರೆ, ಬ್ರಾಕಿಥೆರಪಿ ಅಂತಾರೆ, ಆದರೆ ಅದರಲ್ಲಿ ಕೈ ಪಳಗಿದವರು ಎಲ್ಲ ಊರಲ್ಲೂ ಸಿಗುವುದಿಲ್ಲ.

ಹಿಂದೆ ಗಂಟಿನ ಆಚೆ ಎರಡು ಸೆಂಟಿಮೀಟರ್ ಒಳ್ಳೆಯ ಭಾಗವನ್ನೂ ಸೇರಿಸಿ ಕತ್ತರಿಸಬೇಕು ಅನ್ನುವ ನಿಯಮ ಇತ್ತು. ಈಗ ಕೆಲವೇ ಮಿಲಿಮೀಟರ್ ಸಾಕು ಅಂತ ಗೊತ್ತಾಗಿದೆ. ಇದು ಸಣ್ಣ ವಿಷಯವಲ್ಲ. ಉಳಿಸಿಕೊಂಡ ಜಾಗದಲ್ಲಿ ರೋಗ ಮತ್ತೆ ಬರುವ ಸಾಧ್ಯತೆ ಸ್ವಲ್ಪ ಜಾಸ್ತಿ, ನಿಜ, ಆದರೆ ತಪ್ಪದೆ ತೋರಿಸಿಕೊಳ್ಳುತ್ತಿದ್ದರೆ ಅದನ್ನು ಮತ್ತೆ ತೆಗೆಯಬಹುದು, ಅಷ್ಟರಿಂದಲೇ ಜೀವಕ್ಕೆ ಕುತ್ತು ಬರುವುದು ಕಡಿಮೆ. ಒಂದು ಭಾಗ ತೆಗೆದರೂ ಬಹಳ ಜನ ನಿಂತೇ ಮೂತ್ರ ಮಾಡುತ್ತಾರೆ, ಕೆಲವರಿಗೆ ಸಂಸಾರವೂ ನಡೆಯುತ್ತದೆ. ಪೂರ್ತಿ ತೆಗೆಯುವ ಪ್ರಸಂಗ ಬರುವುದು ಹೆಚ್ಚಾಗಿ ತಡ ಮಾಡಿದವರಿಗೆ. ಆಗ ಮೂತ್ರದ ದಾರಿಯನ್ನು ಕೆಳಗೆ, ವೃಷಣದ ಹಿಂದೆ ಮಾಡಿಕೊಡುತ್ತಾರೆ. ಕೂತು ಮೂತ್ರ ಮಾಡಬೇಕು. ಅದೂ ಬದುಕೇ.

ಇನ್ನು ಜನ ಕೇಳುವುದೇ ಇಲ್ಲದ ವಿಷಯ, ತೊಡೆಸಂದು. ಜೀವ ಉಳಿಯುವುದು ಬಿಡುವುದು ಹೆಚ್ಚಾಗಿ ಅಲ್ಲಿನ ಗ್ರಂಥಿಗಳ, ಅಂದರೆ ಲಿಂಫ್ ನೋಡ್‌ಗಳ ಮೇಲೆ ನಿಂತಿದೆ. ಕೈಗೆ ಏನೂ ಸಿಗದಿದ್ದರೂ, ಶಿಶ್ನದ ಗಂಟು ಸ್ವಲ್ಪ ಆಳಕ್ಕೆ ಇಳಿದವರಲ್ಲಿ ನಾಲ್ಕೈದು ಜನರಲ್ಲಿ ಒಬ್ಬರಿಗೆ ರೋಗ ಆಗಲೇ ಅಲ್ಲಿ ಅಡಗಿ ಕೂತಿರುತ್ತದೆ. ಅದಕ್ಕೇ ರೋಗ ಮೊದಲು ತಲುಪುವ ಗ್ರಂಥಿಯನ್ನು ಹುಡುಕಿ ತೆಗೆದು ಪರೀಕ್ಷೆ ಮಾಡುವ ಸೆಂಟಿನೆಲ್ ನೋಡ್ ಬಯಾಪ್ಸಿ ಇದೆ, ಅದಿಲ್ಲದ ಕಡೆ ತೊಡೆಸಂದಿನ ಗ್ರಂಥಿಗಳನ್ನು ಆಪರೇಷನ್ ಮಾಡಿ ತೆಗೆಯುತ್ತಾರೆ. ತೊಡೆಸಂದಿನಲ್ಲಿ ಗಂಟು ಕೈಗೆ ಸಿಕ್ಕರೆ "ನಂಜಾಗಿರಬೇಕು, ಒಂದೂವರೆ ತಿಂಗಳು ಮಾತ್ರೆ ತಗೊಳ್ಳಿ, ನೋಡೋಣ" ಅನ್ನುವ ಹಳೇ ಪದ್ಧತಿ ಒಂದಿತ್ತು. ಈಗ ಕಾಯುವುದಿಲ್ಲ, ಕೂಡಲೇ ಸೂಜಿ ಹಾಕಿ ನೋಡಬೇಕು. ಗ್ರಂಥಿಗಳು ದೊಡ್ಡದಾಗಿ ಅಂಟಿಕೊಂಡಿದ್ದರೆ ಮೊದಲು ಕೀಮೋ, ಪ್ಯಾಕ್ಲಿಟ್ಯಾಕ್ಸೆಲ್, ಐಫೋಸ್ಫಮೈಡ್, ಸಿಸ್ಪ್ಲಾಟಿನ್ ಮೂರನ್ನೂ ಸೇರಿಸಿ, ಮೂರು ವಾರಕ್ಕೊಮ್ಮೆಯಂತೆ ನಾಲ್ಕು ಸಲ. ಆಮೇಲೆ ಆಪರೇಷನ್. ಕಾಲು ಬಾತುಕೊಳ್ಳುತ್ತದೆ, ಗಾಯ ಬೇಗ ಮಾಯುವುದಿಲ್ಲ, ಇದನ್ನೆಲ್ಲ ಮೊದಲೇ ಹೇಳಿಸಿಕೊಳ್ಳಿ. ಆದರೆ ಬಾತುಕೊಳ್ಳುತ್ತದೆ ಅಂತ ಆ ಆಪರೇಷನ್ ಬೇಡ ಅನ್ನಬೇಡಿ. ನಮ್ಮ ಭಾವನೂ ಮೊದಲು ಬೇಡ ಅಂದವರೇ, ಅಕ್ಕ ಹಟ ಹಿಡಿದು ಒಪ್ಪಿಸಿದಳು.

ಹಾಗಾಗಿ ಡಾಕ್ಟರ್ ಎದುರು ಕೂತಾಗ ಎರಡು ಪ್ರಶ್ನೆ ಕೇಳಲೇಬೇಕು. ಅಂಗ ಉಳಿಸಿ ಮಾಡೋಕೆ ಆಗುತ್ತಾ? ತೊಡೆಸಂದಿನ ಗ್ರಂಥಿಗೆ ಏನು ಮಾಡುತ್ತೀರಿ? ಎರಡಕ್ಕೂ ಸರಿಯಾದ ಉತ್ತರ ಸಿಗದಿದ್ದರೆ ಇನ್ನೊಬ್ಬರ ಅಭಿಪ್ರಾಯ ಕೇಳಿ. ಅದು ಡಾಕ್ಟರಿಗೆ ಮಾಡುವ ಅವಮಾನ ಅಲ್ಲ.

ಮುಂದೊಗಲು ಹಿಂದೆ ಸರಿಯದವರು ಜಾಸ್ತಿ ಹುಷಾರಾಗಿರಬೇಕು, ಒಳಗೆ ಏನಾಗಿದೆ ಅಂತ ಅವರಿಗೇ ಕಾಣುವುದಿಲ್ಲ. ಶುಗರ್ ಇದ್ದವರಿಗೆ ಅದು ಬಿರಿದು ಬಿರಿದು ಬಿಗಿಯಾಗುತ್ತದೆ. ಬೀಡಿ, ಸಿಗರೇಟು, ತಂಬಾಕು ಇದಕ್ಕೂ ಕಾರಣವೇ. ಎಚ್‌ಪಿವಿ ವೈರಸ್ಸೂ ಒಂದು ದೊಡ್ಡ ಕಾರಣ, ಲಸಿಕೆ ಹೆಣ್ಣುಮಕ್ಕಳಿಗೆ ಮಾತ್ರ ಅಂದುಕೊಳ್ಳಬೇಡಿ, ಗಂಡುಮಕ್ಕಳಿಗೂ ಇದೆ. ಹುಣ್ಣು, ಗಂಟು, ಕೆಂಪು ಕಲೆ, ವಾಸನೆಯ ಸೋರಿಕೆ, ನೋವಿಲ್ಲದಿದ್ದರೂ ಸರಿ, ಮೂರ್ನಾಲ್ಕು ವಾರದಲ್ಲಿ ಮಾಯದಿದ್ದರೆ ಯುರಾಲಜಿಸ್ಟ್‌ಗೆ ತೋರಿಸಿ.

ತೋರಿಸುವುದೆಲ್ಲಿ, ಅದೇ ನಮ್ಮ ಕಷ್ಟ. 2022ರಲ್ಲಿ ಹೊನ್ನಾವರದಿಂದ ಹೊರಟ ಆಂಬುಲೆನ್ಸ್ ಶಿರೂರು ಟೋಲ್ ಹತ್ತಿರ ಉರುಳಿ ಬಿದ್ದಾಗ ನಮ್ಮ ಇಡೀ ಉತ್ತರ ಕನ್ನಡ ಜಿಲ್ಲೆ ದೊಡ್ಡ ಆಸ್ಪತ್ರೆ ಬೇಕು ಅಂತ ಕೂಗಿತ್ತು. ಕ್ಯಾನ್ಸರ್ ಅಂದರೆ ಇವತ್ತಿಗೂ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲವೇ ಬೆಂಗಳೂರಿನ ಕಿದ್ವಾಯಿ. ಹುಬ್ಬಳ್ಳಿಗೆ ಹೋಗೋಕೆ ಕಾರವಾರದವನು ಅರಬೈಲ್ ಘಟ್ಟ ಹತ್ತಬೇಕು. ಆಪರೇಷನ್ ಆದ ಮೇಲೆ ಮೊದಲ ಎರಡು ವರ್ಷ ಮೂರು ತಿಂಗಳಿಗೊಮ್ಮೆ ತೋರಿಸಬೇಕು, ಆ ಓಡಾಟದ ಖರ್ಚಿಗೇ ಹೆದರಿ ಬಿಟ್ಟುಬಿಡುವವರಿದ್ದಾರೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಹೊರಡುವ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಬರೆಸಿಕೊಳ್ಳಿ. ಯಾರಿಗಾದರೂ ಜೊತೆಗೆ ಬರುವವರು ಬೇಕಿದ್ದರೆ ನನಗೆ ಇನ್‌ಬಾಕ್ಸ್ ಮಾಡಿ, ಹೆಸರು ಹೇಳಬೇಕಾಗಿಲ್ಲ.